ಸಂಚಾರಿ ಗೃಹಗಳಲ್ಲಿ ವಿದ್ಯುತ್ ಸಲಕರಣೆಗಳ ಭೂಸಂಪರ್ಕ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಇಂಗ್ಲೆಂಡು ಮೊದಲಾದ ಯೂರೋಪಿನ ದೇಶಗಳಲ್ಲಿಯೂ ಜನರು ಬಿಡುವಿನ ದಿನಗಳನ್ನು ಊರೂರು ಸುತ್ತಿ ಕಳೆಯುವುದಕ್ಕಾಗಿ ಒಂದು ಬಗೆಯ ವಾಹನವನ್ನು ಇಟ್ಟುಕೊಳ್ಳುವರು. ಅದು ಬಂಡಿಯೂ ಹೌದು, ಮನೆಯೂ ಹೌದು. ಅದರೊಳಗೆ ಮಂಚ, ಒಲೆ, ಸ್ನಾನದ ಕೋಣೆ, ಆಹಾರವನ್ನು ತಂಪಾಗಿಡುವ ಪೆಟ್ಟಿಗೆ, ಹವೆಯನ್ನು ತಂಪುಮಾಡುವ ಯಂತ್ರ ಇವೆಲ್ಲವೂ ಅಳವಟ್ಟಿರುತ್ತವೆ. ಇಂಗ್ಲೆಂಡಿನವರು ಇಂತಹುದನ್ನು ಕ್ಯಾರವಾನ್ ಎಂದೂ ಅಮೆರಿಕದವರು ಆರ್. ವಿ. ಎಂದೂ ಕರೆಯುತ್ತಾರೆ. ಈ ಲೇಖನದಲ್ಲಿ ಸಂಚಾರಿ ಗೃಹವೆಂದು ಹೇಳಿದರೆ ಸಾಕು. ಈ ಗೃಹವು ರಬ್ಬರು ಗಾಲಿಗಳ ಮೇಲೆ ನಿಂತಿರುವುದು. ನೆಲಕ್ಕೂ ಅದಕ್ಕೂ ನೇರವಾದ ಸಂಬಂಧವಿಲ್ಲ. ಈ ದಿನ ಒಂದು ಕಡೆಯ ವಿದ್ಯುತ್ತು, ನಾಳೆ ಮತ್ತೊಂದು ಕಡೆಯದು. ನಡುವೆ ಕಾಡಿನಲ್ಲಿ ತಂಗಿದರೆ ತನ್ನದೇ ಜನರೇಟರು, ಇಲ್ಲವೆ ಬ್ಯಾಟರಿ. ಹೀಗಿರುವಲ್ಲಿ ಅದರ ಸಲಕರಣೆಗಳಿಗೆ ಭೂಸಂಪರ್ಕವೆಂದರೆ ಏನು, ಅದನ್ನು ಎಲ್ಲಿ ಹೇಗೆ ಕಲ್ಪಿಸತಕ್ಕದ್ದು ಎಂಬುದೇ ಪ್ರಸ್ತುತ ವಿಷಯ.

ಸಾಹಿತ್ಯಾಭ್ಯಾಸಿಗಳೇ ಹೆಚ್ಚಾಗಿ ಓದುವ ಪತ್ರಿಕೆಯಲ್ಲಿ ಇಂತಹ ವಿಷಯಕ್ಕೆ ಎಡೆಯೇಕೆಂದು ಕೆಲವರು ಕೇಳಬಹುದು. ಕಾರಣವಿಷ್ಟೆ: ಈ ವಿಷಯದಲ್ಲಿ ಸಂಭವಿಸುವ ಅಪಾಯಗಳಲ್ಲಿ ಒಂದು ಪಾಲು ತಂತಿಯ ದೋಷದಿಂದಲ್ಲ, ಪದದ ದೋಷದಿಂದ ಬರತಕ್ಕದ್ದು. ಇಂಗ್ಲೆಂಡಿನಲ್ಲಿ ‘ಅರ್ತ್’ ಎಂದೂ ಅಮೆರಿಕದಲ್ಲಿ ‘ಗ್ರೌಂಡ್’ ಎಂದೂ ಹೇಳುವ ಮಾತು ಮೂರು ಬೇರೆ ಬೇರೆ ಸಂಗತಿಗಳಿಗೆ ಒಂದೇ ಹೆಸರಾಗಿ ನಿಂತಿದೆ. ನಾವು ಅದನ್ನು ಕನ್ನಡಿಸಿ ‘ಭೂಸಂಪರ್ಕ’ ಎಂದಾಗ ಆ ಗೊಂದಲವನ್ನೂ ಜೊತೆಯಲ್ಲಿಯೇ ತಂದುಕೊಂಡೆವು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಅಂದಿನಿಂದ ಇಂದಿನವರೆಗೆ ನಮ್ಮ ಜನರು ‘ಕರೆಂಟು’ ‘ಅರ್ತು’ ಎಂಬ ಮಾತುಗಳನ್ನು ಸರಾಗವಾಗಿ ಆಡುತ್ತಿದ್ದಾರೆ. ‘ಅರ್ತ್ ತಂತಿ’ಯನ್ನು ‘ಅರ್ಥ ತಂತಿ’ ಎಂದು ಬರೆದಿರುವ ಅಂಗಡಿಯ ಹಲಗೆಯನ್ನೂ ನೋಡಬಹುದು. ನಗುವುದಕ್ಕೆ ಮುಂಚೆ ಆ ತಂತಿಯ ನಿಜವಾದ ಅರ್ಥವನ್ನು ನಾವು ತಿಳಿದಿದ್ದೇವೆಯೇ ಎಂದು ಕೇಳಿಕೊಳ್ಳುವುದು ಮೇಲು.

ಮೊದಲು ಪದದ ಹುಟ್ಟನ್ನು ನೋಡೋಣ. ತಂತಿಯ ಮೂಲಕ ಸುದ್ದಿ ಕಳುಹಿಸುವ ವಿದ್ಯೆ ಆರಂಭವಾದಾಗ ಹೋಗುವುದಕ್ಕೆ ಒಂದು ತಂತಿ, ಹಿಂದಿರುಗುವುದಕ್ಕೆ ಇನ್ನೊಂದು ತಂತಿ ಬೇಕಾಗಿತ್ತು. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್ ಎಂಬ ವಿದ್ವಾಂಸನು ರೈಲು ಕಂಬಿಗಳನ್ನೇ ತಂತಿಯಂತೆ ಉಪಯೋಗಿಸಲು ಪ್ರಯತ್ನಿಸುತ್ತಿರುವಾಗ ನೆಲವೇ ಪ್ರವಾಹವನ್ನು ಒಯ್ಯಬಲ್ಲುದೆಂದು ಕಂಡುಕೊಂಡನು. ಎರಡು ತುದಿಗಳಲ್ಲಿಯೂ ಲೋಹದ ಫಲಕವನ್ನು ಮಣ್ಣಿನಲ್ಲಿ ಹೂತರೆ ಹಿಂದಿರುಗುವ ತಂತಿಯ ವೆಚ್ಚ ಉಳಿಯಿತು. ಅಂತು, ಭೂಮಿಯು ವಿದ್ಯುತ್ತಿನ ಕತೆಯೊಳಗೆ ಕಾಲಿಟ್ಟದ್ದು ಪ್ರಾಣರಕ್ಷಣೆಗಾಗಿ ಅಲ್ಲ, ತಾಮ್ರದ ಉಳಿತಾಯಕ್ಕಾಗಿ. ಇದಕ್ಕೆ ಮುಂಚೆಯೇ, 1752ರ ಸುಮಾರಿನಲ್ಲಿ, ಫ್ರಾಂಕ್ಲಿನನು ಸಿಡಿಲನ್ನು ಮಣ್ಣಿಗಿಳಿಸುವ ಲೋಹದ ಕಂಬಿಯನ್ನು ಸೂಚಿಸಿದ್ದನು. ಈ ಎರಡು ನೆನಪುಗಳು ಒಂದಾಗಿ, ‘ವಿದ್ಯುತ್ತು ಸದಾ ಮಣ್ಣಿಗೆ ಇಳಿಯಲು ಹವಣಿಸುತ್ತಿರುತ್ತದೆ, ಮಣ್ಣಿಗೆ ಸೇರಿಸಿಬಿಟ್ಟರೆ ಅಲ್ಲಿಯೇ ಇಂಗಿ ಹೋಗುತ್ತದೆ’ ಎಂಬ ನಂಬಿಕೆ ಬಲವಾಗಿ ಬೇರೂರಿತು. ಮಳೆಯ ನೀರಿನ ವಿಷಯದಲ್ಲಿ ಇದು ಸರಿ. ಸಿಡಿಲಿನ ವಿಷಯದಲ್ಲಿಯೂ ಒಪ್ಪಬಹುದು. ಮೋಡಕ್ಕೂ ನೆಲಕ್ಕೂ ನಡುವಣ ವ್ಯವಹಾರವಾದುದರಿಂದ ಅಲ್ಲಿ ನೆಲವೇ ಒಂದು ಕೊನೆ. ಮನೆಯ ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಇದು ಶುದ್ಧ ತಪ್ಪು.

ವಿದ್ಯುತ್ಪ್ರವಾಹವು ತಾನು ಹೊರಟ ಮೂಲಕ್ಕೆ ಹಿಂದಿರುಗುವುದು. ಅದಕ್ಕೆ ಮತ್ತಾವ ಗುರಿಯೂ ಇಲ್ಲ. ಜನರೇಟರಿನಿಂದ ಹೊರಟದ್ದು ಆ ಜನರೇಟರಿಗೆ, ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಹೊರಟದ್ದು ಆ ಟ್ರಾನ್ಸ್‌ಫಾರ್ಮರಿಗೆ. ಸುತ್ತು ಪೂರ್ಣವಾಗದಿದ್ದರೆ ಪ್ರವಾಹವೇ ಇಲ್ಲ. ಒಂಟಿ ತಂತಿಯ ಮೇಲೆ ಕುಳಿತ ಹಕ್ಕಿಗೆ ಏನೂ ಆಗದಿರುವುದು ಈ ಕಾರಣದಿಂದಲೇ. ಹಾಗಾದರೆ ನೆಲದ ಮೇಲೆ ನಿಂತು ಫೇಸ್ ತಂತಿಯನ್ನು ಮುಟ್ಟಿದವನಿಗೆ ಏಕೆ ಹೊಡೆಯುತ್ತದೆ? ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ತುದಿಯನ್ನು ಸರಬರಾಜಿನವರೇ ನೆಲಕ್ಕೆ ಸೇರಿಸಿರುತ್ತಾರೆ. ಸಿಡಿಲು ಬಡಿದಾಗಲೂ, ಮೇಲ್ಗಡೆಯ ಹೆಚ್ಚು ವೋಲ್ಟಿನ ತಂತಿ ಜಾರಿ ಕೆಳಗಿನ ತಂತಿಯನ್ನು ಮುಟ್ಟಿದಾಗಲೂ, ಮನೆಗಳೊಳಗೆ ಅನರ್ಥವಾಗದಿರಲೆಂದು ಹೀಗೆ ಮಾಡುವುದು. ಆ ಮೇಲೆ ನೆಲವೆಲ್ಲವೂ ಆ ಟ್ರಾನ್ಸ್‌ಫಾರ್ಮರಿನ ಒಂದು ತುದಿಯಾಗಿ ಪರಿಣಮಿಸುವುದು. ಮನುಷ್ಯನು ನಡುವೆ ನಿಂತು ಸುತ್ತನ್ನು ಪೂರ್ಣಮಾಡುತ್ತಾನೆ.

ಈಗ ಸಂಚಾರಿ ಗೃಹಕ್ಕೆ ಬರೋಣ. ಅದರ ಮೈ ಬಹುಮಟ್ಟಿಗೆ ಲೋಹ; ಮೈಯನ್ನು ಬೇರೆ ವಸ್ತುವಿನಿಂದ ಮಾಡಿದ್ದರೂ ಅಡಿಯ ಚೌಕಟ್ಟು, ಮೆಟ್ಟಿಲು, ಬಾಗಿಲ ಹಿಡಿ ಇವುಗಳು ಲೋಹವೇ. ಒಳಗೆ ಯಾವುದೋ ಯಂತ್ರದಲ್ಲಿ ಫೇಸ್ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗುಲಿತೆಂದು ಭಾವಿಸಿರಿ. ದಾರಿಯಲ್ಲಿ ಕುಲುಕುತ್ತ ಹೋಗುವ ಮನೆಯಲ್ಲಿ ಇದು ಕಟ್ಟಿದ ಮನೆಗಿಂತ ಹೆಚ್ಚು ಸಂಭಾವ್ಯ. ಕೂಡಲೇ ಮೈಯೆಲ್ಲವೂ ಅಮೆರಿಕದಲ್ಲಾದರೆ 120 ವೋಲ್ಟು, ಇಂಗ್ಲೆಂಡಿನಲ್ಲಾದರೆ 230 ವೋಲ್ಟು ಹೊತ್ತು ನಿಲ್ಲುವುದು. ಗಾಲಿಗಳು ರಬ್ಬರಾದುದರಿಂದ ಈ ಸಂಗತಿ ಯಾರಿಗೂ ತಿಳಿಯುವುದಿಲ್ಲ. ಒಳಗಿರುವವರಿಗೂ ತಿಳಿಯುವುದಿಲ್ಲ, ಅವರು ಹಕ್ಕಿಯ ಸ್ಥಿತಿಯಲ್ಲಿದ್ದಾರೆ. ಹೊರಗಿನ ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲ ಹಿಡಿಗೆ ಕೈಚಾಚಿದ ಮಗುವಿಗೆ ಮಾತ್ರ ತಿಳಿಯುತ್ತದೆ. ರಬ್ಬರು ಗಾಲಿಯು ರಕ್ಷಣೆಯೆಂದು ನಂಬಿರುವವರು ಬಹಳ ಮಂದಿ. ಈ ಸಂದರ್ಭದಲ್ಲಿ ಅದು ಅಪಾಯವನ್ನು ಮುಚ್ಚಿಡುವ ಹೊದಿಕೆಯೇ ಹೊರತು ರಕ್ಷಣೆಯಲ್ಲ.

ಎಷ್ಟು ಪ್ರವಾಹದಿಂದ ಎಷ್ಟು ಕೇಡು ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್‌ಜೀಲ್ ಎಂಬವರು ಸ್ವಇಚ್ಛೆಯಿಂದ ಮುಂದೆ ಬಂದವರ ಮೇಲೆ ಪರೀಕ್ಷೆ ನಡೆಸಿ ಅಳೆದರು. ಒಂದು ಮಿಲಿಆಂಪೇರು, ಎಂದರೆ ಆಂಪೇರಿನ ಸಾವಿರದಲ್ಲೊಂದು ಪಾಲು, ಕೈಗೆ ಜುಮ್ಮೆನ್ನುವಷ್ಟು. ಸರಾಸರಿ ಹೆಂಗಸರಿಗೆ 10, ಗಂಡಸರಿಗೆ 16 ಮಿಲಿಆಂಪೇರುಗಳ ಸುಮಾರಿಗೆ ಮಾಂಸಖಂಡಗಳು ಸೆಡೆತು ಹಿಡಿದ ವಸ್ತುವನ್ನು ಬಿಡಲಾಗದಂತಾಗುವುದು. ಐವತ್ತು, ನೂರು ಮಿಲಿಆಂಪೇರುಗಳು ಒಂದೆರಡು ಕ್ಷಣ ಎದೆಯ ಮೂಲಕ ಹರಿದರೆ ಹೃದಯದ ಬಡಿತ ತಾಳತಪ್ಪಿ ಪ್ರಾಣ ಹೋಗಬಹುದು. ತೇವವಾದ ಮೈಯ ರೋಧವನ್ನು ಸಾವಿರ ಓಮ್ ಎಂದು ಹಿಡಿದರೆ 120 ವೋಲ್ಟು 120 ಮಿಲಿಆಂಪೇರುಗಳನ್ನು ಹರಿಸುವುದು. ಮನೆಯ ಸರ್ಕ್ಯೂಟ್ ಬ್ರೇಕರು 15 ಆಂಪೇರು ಮೀರಿದಲ್ಲದೆ ಕದಲುವುದಿಲ್ಲ; ಒಬ್ಬನನ್ನು ಕೊಲ್ಲುವುದಕ್ಕೆ ಅದರ ನೂರರಲ್ಲೊಂದು ಪಾಲು ಧಾರಾಳವಾಗಿ ಸಾಕು. ಬ್ರೇಕರು ಇರುವುದು ತಂತಿಯನ್ನು ಉರಿಯದಂತೆ ಕಾಪಾಡುವುದಕ್ಕೆ. ಮನುಷ್ಯನನ್ನು ಕಾಪಾಡುವುದು ಅದರ ಕೆಲಸವೆಂದು ತಿಳಿಯಕೂಡದು.

ಇಲ್ಲಿಯೇ ಬಹು ಜನರು ಎಡವುವುದು. ‘ನೆಲದ ಸಂಪರ್ಕವಿಲ್ಲದಿರುವುದೇ ತೊಂದರೆಯಾದರೆ ಒಂದು ಕಬ್ಬಿಣದ ಗೂಟವನ್ನು ನೆಲಕ್ಕೆ ಬಡಿದು ಅದಕ್ಕೂ ಚೌಕಟ್ಟಿಗೂ ತಂತಿ ಕಟ್ಟಿದರಾಯಿತು’ ಎಂದು ಅವರು ಯೋಚಿಸುತ್ತಾರೆ. ಪದವೇ ಹಾಗೆ ಹೇಳುತ್ತದೆಯಲ್ಲವೆ? ಲೆಕ್ಕಹಾಕಿ ನೋಡೋಣ. ಮಣ್ಣಿನಲ್ಲಿ ಬಡಿದ ಗೂಟದ ರೋಧವು ಮಣ್ಣಿನ ಗುಣದಂತೆ ಬಹಳ ವ್ಯತ್ಯಾಸವಾಗುವುದು. 25 ಓಮ್ ಎಂದರೆ ಸಾಕಷ್ಟು ಒಳ್ಳೆಯ ಗೂಟವೇ. 120 ವೋಲ್ಟನ್ನು 25ರಿಂದ ಭಾಗಿಸಿದರೆ 4.8 ಆಂಪೇರು. ಟ್ರಾನ್ಸ್‌ಫಾರ್ಮರಿನ ಕಡೆಯ ನೆಲದ ರೋಧವನ್ನೂ ಕೂಡಿಸಿದರೆ ಇನ್ನೂ ಕಡಮೆ. 15 ಆಂಪೇರಿನ ಬ್ರೇಕರಾಗಲಿ 30 ಆಂಪೇರಿನದಾಗಲಿ ಇದಕ್ಕೆ ಕಣ್ಣೆತ್ತಿಯೂ ನೋಡುವುದಿಲ್ಲ. ದೋಷವು ಹಾಗೆಯೇ ಮುಂದುವರಿಯುವುದು. ಗೂಟದ ಬಳಿಯ ಮಣ್ಣು ಬಿಸಿಯಾಗುವುದು; ವಾಹನದ ಮೈ ಮೇಲಿನ ವೋಲ್ಟು ಬಹುಪಾಲು ಇದ್ದಂತೆಯೇ ಇರುವುದು; ಗೂಟದಿಂದ ನಾಲ್ಕು ಮಾರು ಆಚೆ ನಿಂತು ಬಾಗಿಲನ್ನು ಮುಟ್ಟುವವನಿಗೆ ಗೂಟವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಗೂಟಕ್ಕೆ ಬದಲಾಗಿ, ವಾಹನದ ಚೌಕಟ್ಟಿನಿಂದ ಹೊರಟು ಕೇಬಲ್ಲಿನೊಳಗೇ ಹಾದು ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲಿನವರೆಗೆ ತುಂಡಾಗದೆ ಹೋಗುವ ಒಂದು ತಾಮ್ರದ ತಂತಿ ಇದೆಯೆಂದು ಇಟ್ಟುಕೊಳ್ಳಿ. ಹೋಗಿಬರುವ ದಾರಿಯ ಒಟ್ಟು ರೋಧವನ್ನು ಉದಾರವಾಗಿ ಅರ್ಧ ಓಮ್ ಎಂದೆಣಿಸಿದರೂ ದೋಷ ಸಂಭವಿಸಿದ ಕ್ಷಣದಲ್ಲಿ 240 ಆಂಪೇರು ನುಗ್ಗುವುದು. 30 ಆಂಪೇರಿನ ಬ್ರೇಕರು ಇದನ್ನು ತಡೆಯಲಾರದೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಿಡುವುದು. ಮೈ ಮೇಲಿನ ವೋಲ್ಟು ಮಾಯವಾಗುವುದು. ಪ್ರಾಣವನ್ನುಳಿಸಿದ್ದು ಮಣ್ಣಲ್ಲ, ತಾಮ್ರ.

ಆದಕಾರಣ ಮೂರು ಪದಗಳು ಬೇಕೆಂದು ನನ್ನ ಅಭಿಪ್ರಾಯ. ಮಣ್ಣಿನೊಡನೆ ಕೂಡಿಸುವುದಕ್ಕೆ ಮಾತ್ರ ‘ಭೂಸಂಪರ್ಕ’ ಎಂಬುದನ್ನು ಮೀಸಲಿಡಬೇಕು. ಹಾಗೆ ಕೂಡಿಸುವ ಲೋಹದ ಕಂಬಿಯನ್ನು ‘ನೆಲಗೂಟ’ವೆಂದರೆ ಹಳ್ಳಿಯವನಿಗೂ ತಿಳಿಯುತ್ತದೆ. ಯಂತ್ರಗಳ ಮೈಗಳನ್ನೂ ವಾಹನದ ಚೌಕಟ್ಟನ್ನೂ ಒಂದಕ್ಕೊಂದು ತಾಮ್ರದಿಂದ ಸೇರಿಸಿ ಎಲ್ಲವನ್ನೂ ಒಂದೇ ವಿದ್ಯುನ್ಮಟ್ಟಕ್ಕೆ ತರುವ ಕಾರ್ಯಕ್ಕೆ ‘ಸಮಬಂಧ’ ಎನ್ನಬಹುದು. ‘ಲೋಹಬಂಧ’ ಎಂಬುದು ಇನ್ನೂ ಸ್ಪಷ್ಟವಾಗುತ್ತಿತ್ತು. ಆದರೆ ರಸಾಯನಶಾಸ್ತ್ರದವರು ಅದನ್ನು ಬೇರೆ ಅರ್ಥದಲ್ಲಿ ಈಗಾಗಲೇ ಹಿಡಿದುಕೊಂಡಿದ್ದಾರೆ. ಇನ್ನು ಮೂರನೆಯದು: ಹೀಗೆ ಸಮಬಂಧವಾದ ಲೋಹವನ್ನೆಲ್ಲ ವಿದ್ಯುತ್ತಿನ ಮೂಲದಲ್ಲಿ ಅದರ ನ್ಯೂಟ್ರಲಿಗೆ ಸೇರಿಸುವ ಗಂಟು. ಇದಕ್ಕೆ ‘ಮೂಲಬಂಧ’ಕ್ಕಿಂತ ಒಳ್ಳೆಯ ಹೆಸರು ನನಗೆ ತೋರಲಿಲ್ಲ. ಯೋಗಶಾಸ್ತ್ರದಲ್ಲಿ ಈ ಪದಕ್ಕೆ ಬೇರೆ ಅರ್ಥವಿರುವುದನ್ನು ಬಲ್ಲೆನು. ಆ ಶಾಸ್ತ್ರದವರಿಗೂ ವಿದ್ಯುತ್ತಿನವರಿಗೂ ಒಂದೇ ಸಂದರ್ಭದಲ್ಲಿ ಭೇಟಿಯಾಗುವ ಸಂಭವ ಕಡಮೆಯಾದುದರಿಂದ ಎರವಲು ತೆಗೆದುಕೊಂಡಿದ್ದೇನೆ.

ಈ ಪದಗಳನ್ನು ಕೈಯಲ್ಲಿ ಹಿಡಿದು ಅಮೆರಿಕದ ಸಂಚಾರಿ ಗೃಹದ ತಂತಿಗಳನ್ನು ನೋಡಿದರೆ ಎಲ್ಲವೂ ಸುಲಭವಾಗುವುದು. ತಂಗುದಾಣಗಳಲ್ಲಿ ಒಂದೊಂದು ವಾಹನಕ್ಕೆ ಒಂದೊಂದು ಸರಬರಾಜು ಕಂಬವಿರುತ್ತದೆ. ಚಿಕ್ಕ ವಾಹನಗಳಿಗೆ 30 ಆಂಪೇರಿನ, ಮೂರು ಕಡ್ಡಿಗಳ ಜೋಡಣೆ: ಫೇಸ್, ನ್ಯೂಟ್ರಲ್, ರಕ್ಷಣೆಯ ತಂತಿ. ಇದರಿಂದ 3600 ವ್ಯಾಟ್ ದೊರೆಯುವುದು. ದೊಡ್ಡವಕ್ಕೆ 50 ಆಂಪೇರಿನ ನಾಲ್ಕು ಕಡ್ಡಿಗಳದು. ಅದರಲ್ಲಿ ಎರಡು ಫೇಸ್ ತಂತಿಗಳಿದ್ದು ಒಂದೊಂದಕ್ಕೂ ನ್ಯೂಟ್ರಲಿಗೂ 120, ಎರಡರ ನಡುವೆ 240 ವೋಲ್ಟು ಇರುವುದರಿಂದ ಒಟ್ಟು 12,000 ವ್ಯಾಟ್. ಮೂರು ಕಡ್ಡಿಯ 30 ಆಂಪೇರಿನ ಜೋಡಣೆಯು ಅಮೆರಿಕದ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುತ್ತಿದ್ದ ಜೋಡಣೆಯನ್ನು ಹೋಲುವುದರಿಂದ, ಅನುಭವವಿಲ್ಲದ ಕೆಲಸಗಾರನು ಮನೆಯ ಹಿತ್ತಲಲ್ಲಿ ಅದಕ್ಕೆ 240 ವೋಲ್ಟು ಕೊಟ್ಟು ವಾಹನದೊಳಗಿನ ಯಂತ್ರಗಳನ್ನೆಲ್ಲ ಸುಟ್ಟುಹಾಕುವುದುಂಟು.

ವಾಹನದೊಳಗಿನ ಹಂಚಿಕೆಯ ಪೆಟ್ಟಿಗೆಯಲ್ಲಿ ಎರಡು ಲೋಹದ ಪಟ್ಟಿಗಳಿರುತ್ತವೆ: ಒಂದು ನ್ಯೂಟ್ರಲ್ ತಂತಿಗಳಿಗೆ, ಇನ್ನೊಂದು ರಕ್ಷಣೆಯ ತಂತಿಗಳಿಗೆ. ಎರಡನೆಯದನ್ನು ಒಂದು ದಪ್ಪ ತಾಮ್ರದ ತಂತಿಯಿಂದ ವಾಹನದ ಚೌಕಟ್ಟಿಗೆ ಬಿಗಿದಿರಬೇಕು, ಇದೇ ಸಮಬಂಧ. ಮೊದಲನೆಯದನ್ನು ಎರಡನೆಯದಕ್ಕೆ ಸೇರಿಸಕೂಡದು. ಕಟ್ಟಿದ ಮನೆಯ ಮುಖ್ಯ ಪೆಟ್ಟಿಗೆಯಲ್ಲಿ ಅಮೆರಿಕದವರು ಇವೆರಡನ್ನೂ ಸೇರಿಸಿಯೇ ಇರುತ್ತಾರೆ. ಆ ಅಭ್ಯಾಸದಿಂದ ಇಲ್ಲಿಯೂ ಸೇರಿಸುವವರುಂಟು. ಏಕೆ ಕೂಡದು? ಮೂಲಬಂಧವು ತಂಗುದಾಣದ ಮುಖ್ಯ ಪೆಟ್ಟಿಗೆಯಲ್ಲಿ ಆಗಲೇ ಆಗಿದೆ. ಇನ್ನೊಂದು ಕಡೆ ಮತ್ತೆ ಗಂಟು ಹಾಕಿದರೆ ನ್ಯೂಟ್ರಲಿನಲ್ಲಿ ಹಿಂದಿರುಗುವ ಪ್ರವಾಹ ಎರಡು ಪಾಲಾಗಿ ಒಂದು ಪಾಲು ರಕ್ಷಣೆಯ ತಂತಿಯಲ್ಲಿ ಸದಾ ಹರಿಯುತ್ತಿರುವುದು. ಅಷ್ಟೇ ಆದರೆ ಸಹಿಸಬಹುದಾಗಿತ್ತು. ಆದರೆ ಕಂಬದ ಬಳಿ ನ್ಯೂಟ್ರಲೂ ರಕ್ಷಣೆಯ ತಂತಿಯೂ ತುಕ್ಕು ಹಿಡಿದು ಕಡಿದುಹೋಗಿದ್ದರೆ, ಒಳಗೆ ದೀಪದ ಗುಂಡಿಯನ್ನೊತ್ತಿದ ಮಾತ್ರಕ್ಕೆ ಫೇಸ್ ತಂತಿಯ ವೋಲ್ಟು ದೀಪದ ಮೂಲಕ ನ್ಯೂಟ್ರಲ್ ಪಟ್ಟಿಗೂ, ಅಲ್ಲಿಂದ ಆ ಗಂಟಿನ ಮೂಲಕ ಚೌಕಟ್ಟಿಗೂ ಬಂದು ನಿಲ್ಲುವುದು. ಯಾವ ಯಂತ್ರದಲ್ಲಿಯೂ ದೋಷವಿಲ್ಲದೆಯೇ ವಾಹನದ ಮೈ ಕೊಲ್ಲುವ ವಸ್ತುವಾಗುವುದು. ಮೂಲಬಂಧವು ಒಂದೇ ಇರತಕ್ಕದ್ದು, ಅದು ಮೂಲದಲ್ಲಿಯೇ ಇರತಕ್ಕದ್ದು ಎಂಬ ನಿಯಮದ ಕಾರಣ ಇದೇ.

ಇನ್ನೊಂದು ಬಗೆಯ ಮೋಸವು ಕಂಬದಲ್ಲಿಯೋ ಹಳೆಯ ಮನೆಯ ಗೋಡೆಯಲ್ಲಿಯೋ ಅಡಗಿರುವುದು. ರಕ್ಷಣೆಯ ತಂತಿಯೇ ಇಲ್ಲದ ಹಳೆಯ ಮನೆಯಲ್ಲಿ ಮೂರು ರಂಧ್ರಗಳ ಪ್ಲಗ್ ಗೂಡನ್ನು ಕೂರಿಸಿ, ಅದರ ನ್ಯೂಟ್ರಲ್ ತಿರುಪಿನಿಂದ ರಕ್ಷಣೆಯ ತಿರುಪಿಗೆ ಒಂದು ಗೇಣು ತಂತಿ ಕಟ್ಟಿಬಿಡುವುದು ಸೋಮಾರಿ ಕೆಲಸಗಾರರ ಚಾಳಿ. ಆ ಮನೆಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರಂತೂ ರಕ್ಷಣೆಯ ರಂಧ್ರದಲ್ಲಿಯೇ ಫೇಸ್ ಬಂದು ಕುಳಿತಿರುತ್ತದೆ. ಅಲ್ಲಿಗೆ ಸಂಚಾರಿ ಗೃಹದ ಕೇಬಲ್ಲನ್ನು ಸೇರಿಸಿದರೆ ರಕ್ಷಣೆಗೆಂದು ಬಿಗಿದ ತಂತಿಯೇ ಮೈಗೆಲ್ಲ ವೋಲ್ಟನ್ನು ಹಂಚುವುದು. ಅಂಗಡಿಯಲ್ಲಿ ದೊರೆಯುವ ಮೂರು ದೀಪಗಳ ಪರೀಕ್ಷಕವು ತಂತಿತಂತಿಗಳ ನಡುವಣ ವ್ಯತ್ಯಾಸವನ್ನು ಮಾತ್ರ ನೋಡುವುದರಿಂದ ‘ಎಲ್ಲ ಸರಿ’ ಎಂದೇ ಸಾರುವುದು! ಇದನ್ನು ಕಂಡುಹಿಡಿಯುವುದಕ್ಕೆ ಮುಟ್ಟದೆಯೇ ವೋಲ್ಟನ್ನು ಸೂಚಿಸುವ, ಲೇಖನಿಯ ಗಾತ್ರದ ಪರೀಕ್ಷಕವು ಉಪಯುಕ್ತ. ನೆಲದ ಮೇಲೆ ನಿಂತು ಅದನ್ನು ವಾಹನದ ಮೈಯ ಬಳಿ ಹಿಡಿದಾಗ ಅದು ಬೆಳಗಿದರೆ, ಬಾಗಿಲನ್ನು ಮುಟ್ಟದೆ ಕಂಬದ ಬ್ರೇಕರನ್ನು ಕೆಳಗಿಳಿಸತಕ್ಕದ್ದು. ಮೈ ಸ್ವಲ್ಪವೇ ಜುಮ್ಮೆಂದರೂ ‘ಇಷ್ಟೆ ತಾನೆ’ ಎಂದು ಉಪೇಕ್ಷಿಸಬಾರದು. ಇಂದು ಒಣ ಚಪ್ಪಲಿಯ ಮೇಲೆ ಜುಮ್ಮೆಂದದ್ದು ನಾಳೆ ಮಳೆ ಬಿದ್ದ ಮೇಲೆ ಬರಿಗಾಲಿಗೆ ಏನಾಗುವುದೆಂದು ಮೇಲಿನ ಲೆಕ್ಕದಿಂದ ತಿಳಿಯಬಹುದು.

ಕಾಡಿನಲ್ಲಿ ತಂಗಿ ಜನರೇಟರನ್ನು ನಡೆಸುವಾಗ ಮೂಲವೇ ಬದಲಾಯಿತು. ಆದ್ದರಿಂದ ಮೂಲಬಂಧವೂ ಸ್ಥಳ ಬದಲಾಯಿಸಬೇಕು. ವಾಹನದೊಳಗೇ ಕೂರಿಸಿದ ದೊಡ್ಡ ಜನರೇಟರುಗಳಲ್ಲಿ ನ್ಯೂಟ್ರಲನ್ನು ಜನರೇಟರಿನ ಮೈಗೆ ಸೇರಿಸಿರುತ್ತಾರೆ. ಕಂಬದ ವಿದ್ಯುತ್ತಿಗೂ ಜನರೇಟರಿನದಕ್ಕೂ ನಡುವೆ ಇರುವ ಬದಲಿ ಸ್ವಿಚ್ಚು ಏಕಕಾಲದಲ್ಲಿ ಒಂದನ್ನು ಮಾತ್ರ ಒಳಗೆ ಬಿಡುವುದರಿಂದ ಎರಡು ಗಂಟುಗಳು ಕೂಡಿಬರುವುದಿಲ್ಲ. ಕೈಯಲ್ಲಿ ಹೊತ್ತೊಯ್ಯುವ ಸಣ್ಣ ಜನರೇಟರುಗಳ ಸಂಗತಿ ಬೇರೆ. ಅವುಗಳಲ್ಲಿ ಹಲವಕ್ಕೆ ಮೂಲಬಂಧವೇ ಇಲ್ಲ. ಎರಡು ತಂತಿಗಳೂ ಮೈಯಿಂದ ದೂರವಾಗಿ ತೇಲುತ್ತಿರುತ್ತವೆ. ಒಂದೇ ಯಂತ್ರವನ್ನು ನಡೆಸುವಾಗ ಇದರಿಂದ ಕೇಡಿಲ್ಲ. ಮೊದಲನೆಯ ದೋಷದಲ್ಲಿ ಸುತ್ತು ಪೂರ್ಣವಾಗದಿರುವುದರಿಂದ ಹೊಡೆತವೂ ಇಲ್ಲ. ಆದರೆ ಆ ದೋಷ ಯಾರಿಗೂ ತಿಳಿಯದೆ ಉಳಿದು, ಎರಡನೆಯ ದೋಷವು ಇನ್ನೊಂದು ತಂತಿಯಲ್ಲಿ ಹುಟ್ಟಿದಾಗ ಅನಾಹುತವಾಗುವುದು. ಸಂಚಾರಿ ಗೃಹಕ್ಕೆ ಇಂತಹ ಜನರೇಟರನ್ನು ಸೇರಿಸಿದಾಗ ವಾಹನದ ಕಾವಲು ಯಂತ್ರವು ರಕ್ಷಣೆಯ ತಂತಿ ಕಡಿದಿದೆಯೆಂದು ಭಾವಿಸಿ ವಿದ್ಯುತ್ತನ್ನು ಒಳಗೆ ಬಿಡದಿರುವುದೂ ಉಂಟು. ಆಗ ಜನರೇಟರಿನ ಮಿಕ್ಕ ಪ್ಲಗ್ ಗೂಡಿನಲ್ಲಿ, ನ್ಯೂಟ್ರಲ್ ಕಡ್ಡಿಯನ್ನೂ ರಕ್ಷಣೆಯ ಕಡ್ಡಿಯನ್ನೂ ಒಳಗೇ ಸೇರಿಸಿದ ಒಂದು ಬರಿಯ ಪ್ಲಗ್ಗನ್ನು ಸಿಕ್ಕಿಸಿ ಮೂಲಬಂಧವನ್ನು ಕಲ್ಪಿಸುವರು. ಕಂಬದ ವಿದ್ಯುತ್ತಿಗೆ ಹಿಂದಿರುಗಿದಾಗ ಆ ಪ್ಲಗ್ಗು ಜನರೇಟರಿನಲ್ಲಿಯೇ ಉಳಿಯಬೇಕು. ಮರೆತು ವಾಹನದ ಗೋಡೆಗೆ ಸಿಕ್ಕಿಸಿದರೆ ಮೇಲೆ ಹೇಳಿದ ಎರಡನೆಯ ಗಂಟಿನ ಅಪಾಯವೆಲ್ಲವೂ ಬಂದಿತು. ಜನರೇಟರಿಗಾಗಿ ನೆಲಗೂಟವನ್ನು ಬಡಿಯಬೇಕೆ ಎಂದು ಕೇಳುವವರಿಗೆ, ತನ್ನ ಮೇಲಿನ ಗೂಡುಗಳಿಂದಲೇ ಪ್ಲಗ್ಗಿನ ಮೂಲಕ ಯಂತ್ರಗಳನ್ನು ನಡೆಸುವ ಇಂತಹ ಜನರೇಟರಿಗೆ ಅಮೆರಿಕದ ವಿದ್ಯುತ್ ಸಂಹಿತೆಯು ಗೂಟವನ್ನು ವಿಧಿಸುವುದಿಲ್ಲವೆಂಬುದೇ ಉತ್ತರ. ಆ ಪ್ರವಾಹಕ್ಕೂ ಮಣ್ಣಿಗೂ ಸಂಬಂಧವಿಲ್ಲ.

ಬ್ಯಾಟರಿಯ 12 ವೋಲ್ಟನ್ನು ಮನೆಯ ವಿದ್ಯುತ್ತಾಗಿ ಮಾರ್ಪಡಿಸುವ ಇನ್ವರ್ಟರಿಗೂ ನಿಯಮ ಒಂದೇ. ಅದು ತಾನೇ ವಿದ್ಯುತ್ತನ್ನು ಕೊಡುವಾಗ ಮೂಲಬಂಧ ಅದರೊಳಗಿರಬೇಕು. ಕಂಬದ ವಿದ್ಯುತ್ತು ಅದರ ಮೂಲಕ ಹಾದುಹೋಗುವಾಗ ಆ ಬಂಧ ಬಿಚ್ಚಿಕೊಳ್ಳಬೇಕು. ಒಳ್ಳೆಯ ಇನ್ವರ್ಟರುಗಳಲ್ಲಿ ಇದನ್ನು ಒಂದು ರಿಲೇ ತಾನಾಗಿಯೇ ಮಾಡುವುದು. ಕೆಲವು ಅಗ್ಗದ ಇನ್ವರ್ಟರುಗಳ ಎರಡು ತಂತಿಗಳೂ ಮೈಗಿಂತ ಬೇರೆ ವೋಲ್ಟಿನಲ್ಲಿರುತ್ತವೆ. ಅವುಗಳಲ್ಲಿ ಒಂದನ್ನು ನ್ಯೂಟ್ರಲೆಂದು ಭಾವಿಸಿ ಮೈಗೆ ಸೇರಿಸಿದರೆ ಯಂತ್ರವೇ ಸುಟ್ಟುಹೋಗಬಹುದು. ತಯಾರಕರು ಕೊಟ್ಟ ಪುಸ್ತಕವನ್ನು ಓದದೆ ಇದರಲ್ಲಿ ಕೈಹಾಕಬಾರದು.

ಇಷ್ಟರವರೆಗೆ ನೆಲಗೂಟವನ್ನು ಹಳಿದದ್ದಾಯಿತು. ಇನ್ನು ಇಂಗ್ಲೆಂಡಿಗೆ ಹೋದರೆ ಆಶ್ಚರ್ಯ ಕಾದಿದೆ. ಅಲ್ಲಿನ ಕ್ಯಾರವಾನ್ ತಂಗುದಾಣಗಳಲ್ಲಿ ನೆಲಗೂಟವೇ ರಕ್ಷಣೆಯ ಆಧಾರ! ಸರಬರಾಜಿನವರ ತಂತಿಯಿಂದ ಬರುವ ಭೂಸಂಪರ್ಕವನ್ನು ಕ್ಯಾರವಾನಿನ ಲೋಹಕ್ಕೆ ಸೇರಿಸುವುದನ್ನು ಅಲ್ಲಿನ 2002ರ ನಿಯಮಾವಳಿಯು ನಿಷೇಧಿಸಿದೆ. ಎರಡು ದೇಶಗಳ ಪಂಡಿತರು ಹೀಗೆ ಪರಸ್ಪರ ವಿರುದ್ಧವಾಗಿ ಹೇಳುವರೇ ಎಂದು ಮೇಲುನೋಟಕ್ಕೆ ಕಾಣುವುದು. ವಿರೋಧ ನಿಜವಾದುದಲ್ಲ. ಇಂಗ್ಲೆಂಡಿನ ಹಲವು ಬೀದಿಗಳಲ್ಲಿ ನ್ಯೂಟ್ರಲಿಗೂ ರಕ್ಷಣೆಗೂ ಮನೆಯ ಬಾಗಿಲವರೆಗೆ ಒಂದೇ ತಂತಿ ಬರುತ್ತದೆ. ಮನೆಯನ್ನು ಮುಟ್ಟಿದ ಮೇಲೆ ಅದು ಕವಲೊಡೆಯುವುದು. ಆ ಒಂದೇ ತಂತಿ ಬೀದಿಯಲ್ಲಿ ಕಡಿದರೆ ಏನಾಗುವುದು? ಮನೆಯಲ್ಲಿ ಉರಿಯುತ್ತಿರುವ ದೀಪ ಒಲೆಗಳ ಮೂಲಕ ಫೇಸಿನ ವೋಲ್ಟು ನ್ಯೂಟ್ರಲಿಗೆ ಬಂದು, ಕವಲಿನ ಮೂಲಕ ರಕ್ಷಣೆಯ ತಂತಿಯನ್ನು ಹಿಡಿದು, ಅದಕ್ಕೆ ಸೇರಿದ ಲೋಹವನ್ನೆಲ್ಲ ಆವರಿಸುವುದು. ಕಟ್ಟಿದ ಮನೆಯೊಳಗೆ ನೀರಿನ ಕೊಳವೆ ಮೊದಲಾದ ಲೋಹವೆಲ್ಲವೂ ಸಮಬಂಧವಾಗಿರುವುದರಿಂದ ಒಳಗಿನವರಿಗೆ ಅಪಾಯ ಕಡಮೆ. ಕ್ಯಾರವಾನಿನಲ್ಲಿ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಹುಲ್ಲಿನ ಮೇಲೆ. ಸಮಬಂಧದ ಎಲ್ಲೆ ಬಾಗಿಲಲ್ಲಿಯೇ ಮುಗಿಯಿತು. ಹೀಗೆ ಪರರ ಬೀದಿಯ ದೋಷವನ್ನು ತಾಮ್ರದ ತಂತಿಯೇ ಹೊತ್ತು ತರುವುದಾದರೆ ಅದನ್ನು ದೂರವಿಡುವುದೇ ವಿವೇಕವೆಂದು ಆಂಗ್ಲರು ನಿರ್ಣಯಿಸಿದರು. ಅಮೆರಿಕದ ತಂಗುದಾಣದಲ್ಲಿ ಮುಖ್ಯ ಪೆಟ್ಟಿಗೆಯಿಂದ ಕಂಬದವರೆಗೆ ನ್ಯೂಟ್ರಲ್ ಮತ್ತು ರಕ್ಷಣೆಯ ತಂತಿಗಳು ಬೇರೆ ಬೇರೆಯಾಗಿಯೇ ಬರುವುದರಿಂದ ಈ ಅಪಾಯ ಅಲ್ಲಿ ಅಷ್ಟಾಗಿ ಇಲ್ಲ.

ಆದರೆ ತಾಮ್ರವನ್ನು ಬಿಟ್ಟು ಮಣ್ಣನ್ನು ನಂಬಿದರೆ ಬ್ರೇಕರು ಬೀಳುವುದಿಲ್ಲವೆಂದು ಲೆಕ್ಕಹಾಕಿದೆವಲ್ಲ? ಅದಕ್ಕಾಗಿಯೇ ಅಲ್ಲಿ ಇನ್ನೊಂದು ಸಾಧನ ಕಡ್ಡಾಯ. ಹೋಗುವ ಪ್ರವಾಹವನ್ನೂ ಹಿಂದಿರುಗುವ ಪ್ರವಾಹವನ್ನೂ ತೂಗಿ ನೋಡಿ, ವ್ಯತ್ಯಾಸವು 30 ಮಿಲಿಆಂಪೇರಿಗೆ ಏರಿದರೆ ಕ್ಷಣದ ಒಂದು ಅಲ್ಪಭಾಗದಲ್ಲಿ ವಿದ್ಯುತ್ತನ್ನು ಕಡಿಯುವ ಸಾಧನವಿದು. ನಮ್ಮ ಅಂಗಡಿಗಳಲ್ಲಿ ಆರ್.ಸಿ.ಸಿ.ಬಿ. ಎಂಬ ಹೆಸರಿನಲ್ಲಿ ದೊರೆಯುತ್ತದೆ. ಅಮೆರಿಕದಲ್ಲಿ ಇದೇ ತತ್ತ್ವದ, ಇನ್ನೂ ಸೂಕ್ಷ್ಮವಾದ, 5 ಮಿಲಿಆಂಪೇರಿನ ಸುಮಾರಿಗೆ ಕಡಿಯುವ ಸಾಧನವನ್ನು 1961ರಲ್ಲಿ ರೂಪಿಸಿದವರು ಮೇಲೆ ಹೇಳಿದ ಡಾಲ್‌ಜೀಲರೇ. ಇಂತಹ ಕಾವಲುಗಾರನಿಗೆ ನೂರಾರು ಆಂಪೇರುಗಳ ನುಗ್ಗಾಟ ಬೇಕಿಲ್ಲ. ನೆಲಗೂಟದ ರೋಧ 200 ಓಮ್ ಇದ್ದರೂ 230 ವೋಲ್ಟು ಒಂದು ಆಂಪೇರಿಗಿಂತ ಹೆಚ್ಚಾಗಿ ಹರಿಸುವುದು. 30 ಮಿಲಿಆಂಪೇರಿನ ಸಾಧನಕ್ಕೆ ಅದು ಬೇಕಾದುದಕ್ಕಿಂತ ಮೂವತ್ತು ಮಡಿಗೂ ಮಿಗಿಲು. ಗೂಟವು ಬ್ರೇಕರಿಗೆ ನಿರುಪಯುಕ್ತ, ಈ ಸಾಧನಕ್ಕೆ ಧಾರಾಳ. ಅಮೆರಿಕದ ಕಂಬಗಳ 30 ಮತ್ತು 50 ಆಂಪೇರಿನ ಜೋಡಣೆಗಳಲ್ಲಿ ಸಾಮಾನ್ಯವಾಗಿ ಇಂತಹ ಸಾಧನವಿರುವುದಿಲ್ಲವಾದುದರಿಂದ ಅಲ್ಲಿ ತಾಮ್ರದ ದಾರಿಯೇ ಗತಿ. ಎರಡು ದೇಶದವರೂ ತಮ್ಮ ತಮ್ಮ ಏರ್ಪಾಡಿಗೆ ತಕ್ಕಂತೆ ಸರಿಯಾಗಿಯೇ ಹೇಳುತ್ತಿದ್ದಾರೆ. ಒಂದು ದೇಶದ ಗೂಟವನ್ನು ಇನ್ನೊಂದು ದೇಶದ ಬ್ರೇಕರಿಗೆ ಗಂಟುಹಾಕಿದವನು ಮಾತ್ರ ಕೆಡುವನು.

ಈ ಮಾತು ದೂರದೇಶದ ವಿನೋದಯಾತ್ರಿಕರಿಗೆ ಮಾತ್ರ ಸಂಬಂಧಿಸಿದ್ದೆಂದು ವಾಚಕರು ಭಾವಿಸಬಾರದು. ನಮ್ಮ ಹಳ್ಳಿಗಳಲ್ಲಿ ಮನೆಯ ಹಿಂದೆ ಗುಂಡಿ ತೋಡಿ, ಕೊಳವೆಯನ್ನೋ ಫಲಕವನ್ನೋ ಇಳಿಸಿ, ಸುತ್ತಲೂ ಇದ್ದಿಲು ಉಪ್ಪುಗಳನ್ನು ತುಂಬಿ ನೀರು ಹೊಯ್ಯುವ ಪದ್ಧತಿ ಬಹುಕಾಲದಿಂದ ಇದೆ. ಮಣ್ಣು ತೇವವಾಗಿರುವಷ್ಟು ದಿನ ಅದರ ರೋಧ ಕಡಮೆ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಗುಂಡಿ ಒಣಗಿ ರೋಧ 50 ಓಮಿಗೆ ಏರಿತೆಂದರೆ 230 ವೋಲ್ಟು ಹರಿಸುವುದು 4.6 ಆಂಪೇರು. ಮೋಟಾರಿನ ಫ್ಯೂಸು ಇದಕ್ಕೆ ಕರಗುವುದಿಲ್ಲ. ಪಂಪಿನ ಮೈ ಮೇಲೆ ವೋಲ್ಟು ಕುಳಿತೇ ಇರುತ್ತದೆ. ಸರಬರಾಜಿನ ಕಡೆಯಿಂದ ರಕ್ಷಣೆಯ ತಂತಿ ಬಾರದೆ ಸ್ವಂತ ಗುಂಡಿಯನ್ನೇ ನಂಬಿರುವ ಮನೆಯು ಇಂಗ್ಲೆಂಡಿನ ಕ್ಯಾರವಾನಿನ ಸ್ಥಿತಿಯಲ್ಲಿದೆ, ಆದರೆ ಆ ಕ್ಯಾರವಾನಿನ ಕಾವಲು ಸಾಧನ ಇದಕ್ಕಿಲ್ಲ. ‘ಅರ್ತ್ ಕೊಟ್ಟಿದೆ, ಭಯವಿಲ್ಲ’ ಎಂಬ ಮಾತನ್ನು ಕೇಳಿದಾಗಲೆಲ್ಲ, ಕೊಟ್ಟದ್ದು ಯಾವುದು, ಮಣ್ಣೋ ತಾಮ್ರವೋ, ಅದರ ಹಿಂದೆ ಕಡಿಯುವ ಸಾಧನ ಯಾವುದು ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕಾಗಿದೆ. ಪಠ್ಯಪುಸ್ತಕಗಳಲ್ಲಿ ಭೂಸಂಪರ್ಕವೆಂಬ ಒಂದೇ ಪದವಿರುವವರೆಗೆ ಈ ಪ್ರಶ್ನೆಯನ್ನು ಕೇಳುವುದಕ್ಕೆ ವಿದ್ಯಾರ್ಥಿಗೆ ಮಾತೇ ಇರುವುದಿಲ್ಲ.

ವಾಹನದಲ್ಲಿ ಇನ್ನೆರಡು ಕಡೆ ‘ಗ್ರೌಂಡ್’ ಎಂಬ ಹೆಸರು ಅಂಟಿಕೊಂಡಿರುವುದನ್ನು ಹೇಳಿ ಬಿಡುತ್ತೇನೆ. ಬ್ಯಾಟರಿಯ ಋಣ ತುದಿಯನ್ನು ಚೌಕಟ್ಟಿಗೆ ಬಿಗಿದು ಚೌಕಟ್ಟನ್ನೇ ಹಿಂದಿರುಗುವ ತಂತಿಯಂತೆ ಬಳಸುವರು. ಇಲ್ಲಿ ಭೂಮಿಯ ಗಂಧವೂ ಇಲ್ಲ. 12 ವೋಲ್ಟು ಮೈಗೆ ಹೊಡೆಯುವುದಿಲ್ಲವೆಂಬುದು ನಿಜ, ಆದರೆ 2000 ವ್ಯಾಟಿನ ಇನ್ವರ್ಟರು ಬ್ಯಾಟರಿಯಿಂದ ಎಳೆಯುವ ಪ್ರವಾಹ 167 ಆಂಪೇರಿಗೂ ಮೇಲೆ. ಅದರ ಋಣ ತಂತಿ ಸಡಿಲವಾದರೆ ಅಷ್ಟು ಪ್ರವಾಹವೂ ಇನ್ವರ್ಟರಿನ ಮೈಯಿಂದ ಚೌಕಟ್ಟಿಗೆ ಹಾಕಿದ ಸಮಬಂಧದ ತಂತಿಯನ್ನು ಹುಡುಕಿಕೊಂಡು ಹೋಗಬಹುದು. ಆ ತಂತಿ ಸಣ್ಣದಾಗಿದ್ದರೆ ಕೆಂಪಗೆ ಕಾದು ಗೋಡೆಯ ಮರವನ್ನು ಹೊತ್ತಿಸುವುದು. ಆದುದರಿಂದ ಅದನ್ನು ಬ್ಯಾಟರಿಯ ತಂತಿಗೆ ಸರಿಸುಮಾರಾದ ದಪ್ಪದಲ್ಲಿ ಹಾಕಿ, ಧನ ತಂತಿಯಲ್ಲಿ ಬ್ಯಾಟರಿಗೆ ಆದಷ್ಟು ಸಮೀಪವಾಗಿ ಫ್ಯೂಸನ್ನಿಡಬೇಕು. ಸಿಡಿಲಿನ ಮಾತೂ ಹಾಗೆಯೇ. ಪೂರ್ತಿ ಲೋಹದ ಮೈಯಿರುವ ವಾಹನದೊಳಗಿರುವವರನ್ನು ಫ್ಯಾರಡೆ 1836ರಲ್ಲಿ ತೋರಿಸಿದ ಪಂಜರದ ತತ್ತ್ವವು ಕಾಪಾಡುವುದು. ನಾರುಗಾಜಿನ ಮೈಯುಳ್ಳ ವಾಹನಕ್ಕೆ ಆ ಭಾಗ್ಯವಿಲ್ಲ, ಪಕ್ಕದಲ್ಲಿ ಬಡಿದ ನೆಲಗೂಟ ಅದನ್ನು ತಂದುಕೊಡುವುದೂ ಇಲ್ಲ. ಗುಡುಗು ಕೇಳಿಸಿದಾಗ ಕಂಬದಿಂದ ಕೇಬಲ್ಲನ್ನು ಕಳಚಿಡುವುದು ಯಂತ್ರಗಳಿಗೆ ಒಳ್ಳೆಯದು. ಕಳಚುವಾಗ ಮೊದಲು ಕಂಬದ ಬ್ರೇಕರನ್ನು ಇಳಿಸಿ ಆಮೇಲೆ ಪ್ಲಗ್ಗನ್ನು ಎಳೆಯತಕ್ಕದ್ದು. ಸೇರಿಸುವಾಗ ಪ್ಲಗ್ಗು ಪೂರ್ತಿ ಕುಳಿತ ಮೇಲೆ ಬ್ರೇಕರು.